ಮೇಷ್ಟರಿಗೇಕೆ ಸಂಶೋಧನೆ?

ಕೆಲವು ತಿಂಗಳ ಹಿಂದೆ ಹೊಸಪೇಟೆಯಲ್ಲಿ ಉಪಾಧ್ಯಾಯರ ಸಭೆಯೊಂದು ಕೂಡಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಈ ಸೀಮೆಯ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದವನೆಂಬ ಕಾರಣಕ್ಕೆ ನನಗೂ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸಿಕ್ಕಿತ್ತು. ವೇದಿಕೆಯ ಮೇಲಿದ್ದ ಗಣ್ಯರೊಬ್ಬರು ಮಾತಿನ ಭರದಲ್ಲಿ, ‘‘ಸಂಶೋಧನೆ ಮಾಡಲಿಕ್ಕೆ ವಿಶ್ವವಿದ್ಯಾಲಯಗಳಿವೆ, ಪ್ರೊಫೆಸರುಗಳಿದ್ದಾರೆ. ಮೇಷ್ಟರಿಗೇಕೆ ಆ ಉಸಾಬರಿ? ಹೊತ್ತಿಗೆ ಸರಿಯಾಗಿ ಬಂದು ಪಾಠ ಮುಗಿಸಿದರೆ ಸಾಕು’’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಗಣ್ಯರ ಮಾತು ನನಗೆ ಹೊಸದೆನಿಸಲಿಲ್ಲ. ಅಂಥ ಮಾತನ್ನು ಕೇಳುತ್ತಲೇ ನನ್ನ ತಲೆ ನರೆತಿದೆ. ಆದರೆ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಹೆಚ್ಚಿನವು ಮೇಷ್ಟರ ಕೈಗಳೇ ಆಗಿದ್ದುವು. ಅದು ಮಾತ್ರ ಮನಸ್ಸಿಗೆ ಚುಚ್ಚಿತು. ಗಣ್ಯರಿಗೆ ಉತ್ತರ ಹೇಳುವ ಮುನ್ನ ಆ ಕೈಗಳಿಗೆ ಉತ್ತರ ಹೇಳಬೇಕಾಗಿದೆ.

ಅವರು ಏಕೆ ತಟ್ಟಿದರೆಂಬುದು ನನಗೆ ತಿಳಿಯದ ವಿಷಯವೇನೂ ಅಲ್ಲ. ಕ್ರಿಯಾ ಸಂಶೋಧನೆ ಎಂದೊಡನೆ ನಮ್ಮ ಉಪಾಧ್ಯಾಯರ ಕಣ್ಣ ಮುಂದೆ ತರಗತಿ ಬರುವುದಿಲ್ಲ, ಬೈಂಡು ಮಾಡಿಸಿದ ಒಂದು ಪುಸ್ತಕ ಬರುತ್ತದೆ. ಉಪಾಧ್ಯಾಯ ವೃತ್ತಿಯ ತರಬೇತಿಯಲ್ಲಿ ಅದನ್ನು ಒಪ್ಪಿಸದೆ ಗತಿಯಿಲ್ಲ. ಪೀಠಿಕೆ, ಸಮಸ್ಯೆಯ ಹೇಳಿಕೆ, ಉದ್ದೇಶಗಳು, ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ, ಬಣ್ಣದ ಪೆನ್ಸಿಲಿನಲ್ಲಿ ಎಳೆದ ಒಂದೆರಡು ಕಂಬದ ನಕ್ಷೆ, ಕೊನೆಗೆ ಉಪಸಂಹಾರ. ಹಿಂದಿನ ವರ್ಷದ ಪ್ರತಿಯೊಂದು ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕರೆ ಶಾಲೆಯ ಹೆಸರು, ಮಕ್ಕಳ ಹೆಸರು ತಿದ್ದಿದರೆ ಆಯಿತು. ಇಂಥ ಪುಸ್ತಕಗಳನ್ನು ನಾನು ಸಾಕಷ್ಟು ತಿರುವಿ ಹಾಕಿದ್ದೇನೆ. ಉತ್ತರ ಪರೀಕ್ಷೆಯ ಅಂಕ ಪೂರ್ವ ಪರೀಕ್ಷೆಯ ಅಂಕಕ್ಕಿಂತ ಕಡಮೆ ಬಂದ ಪುಸ್ತಕ ಒಂದೂ ನನ್ನ ಕೈಗೆ ಸಿಕ್ಕಿಲ್ಲ. ‘ನಾನು ಹೂಡಿದ ಉಪಾಯ ಫಲಿಸಲಿಲ್ಲ’ ಎಂಬ ಒಂದು ವಾಕ್ಯಕ್ಕಾಗಿ ಹುಡುಕಿ ಸೋತಿದ್ದೇನೆ. ಸೋಲುವುದಕ್ಕೆ ಅವಕಾಶವೇ ಇಲ್ಲದ ಪರೀಕ್ಷೆಯನ್ನು ಪರೀಕ್ಷೆಯೆಂದು ಯಾರು ಕರೆದಾರು? ಅದು ನಾಟಕ, ಪಾತ್ರಧಾರಿಗಳಿಗೂ ಅದರಲ್ಲಿ ನಂಬಿಕೆಯಿಲ್ಲ. ಆದುದರಿಂದಲೇ ಆ ಚಪ್ಪಾಳೆ.

ಈ ಮಾತಿನ ಮೂಲ ಇಷ್ಟು ಹಗುರಾದದ್ದಲ್ಲ. 1946ರಲ್ಲಿ ಅಮೆರಿಕದಲ್ಲಿ ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಸಮಾಜದ ತೊಡಕುಗಳನ್ನು ಕುರಿತು ಬರೆಯುತ್ತ ಇದನ್ನು ಚಲಾವಣೆಗೆ ತಂದರು. 1953ರಲ್ಲಿ ಸ್ಟೀಫನ್ ಕೋರಿ ಎಂಬವರು ಇದನ್ನು ಶಾಲೆಯೊಳಕ್ಕೆ ಕರೆತಂದು, ಇತರರು ಕಂಡುಹಿಡಿದು ಕೊಟ್ಟದ್ದಕ್ಕಿಂತ ತಾನೇ ಕಂಡುಕೊಂಡದ್ದರಿಂದ ಉಪಾಧ್ಯಾಯನು ಹೆಚ್ಚು ಬದಲಾಗುತ್ತಾನೆಂದು ವಾದಿಸಿದರು. ಅವರಿಗೂ ಮೊದಲೇ ನಮ್ಮ ದೇಶದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ, ಹೆಸರಿನ ಹಂಗಿಲ್ಲದೆ, ಈ ಕೆಲಸವನ್ನೇ ಮಾಡಿದ್ದರು; ಅವರ ‘ದಿವಾಸ್ವಪ್ನ’ ನಾಲ್ಕನೆಯ ತರಗತಿಯೊಂದನ್ನು ಒಂದು ವರ್ಷದ ಮಟ್ಟಿಗೆ ಕೇಳಿ ಪಡೆದ ಮೇಷ್ಟರ ಕಥೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಹುಟ್ಟಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ ಕರ್ತವ್ಯಗಳಲ್ಲಿ ಕ್ರಿಯಾ ಸಂಶೋಧನೆಯೂ ಒಂದು. ಕಾಗದದ ಮೇಲೆ ನಮಗೆ ಯಾವ ಕೊರತೆಯೂ ಇಲ್ಲ.

ಹೆಸರು ದೊಡ್ಡದು, ವಿಷಯ ಚಿಕ್ಕದು. ತನ್ನ ತರಗತಿಯಲ್ಲಿ ಒಂದು ತೊಡಕನ್ನು ಕಾಣುವುದು, ಅದು ಏಕೆ ಬಂತೆಂದು ಊಹಿಸುವುದು, ಊಹೆಗೆ ತಕ್ಕ ಉಪಾಯ ಹೂಡುವುದು, ಫಲಿಸಿತೋ ಇಲ್ಲವೋ ಎಂದು ಎಣಿಸಿ ನೋಡುವುದು, ಕಂಡದ್ದನ್ನು ಬರೆದಿಟ್ಟು ಮತ್ತೆ ಮೊದಲಿನಿಂದ ಹೊರಡುವುದು. ಇಷ್ಟೇ. ವಾಚಕರಿಗೆ ಒಂದು ಉದಾಹರಣೆ ಹೇಳುತ್ತೇನೆ.

ಹೊಸಪೇಟೆಯ ಒಂದು ಪ್ರಾಥಮಿಕ ಶಾಲೆ, ಮೂರನೆಯ ತರಗತಿ. ನನ್ನ ಪರಿಚಯದ ಉಪಾಧ್ಯಾಯಿನಿಯೊಬ್ಬರು ಸಂಖ್ಯೆಗಳನ್ನು ಉಕ್ತಲೇಖನದಂತೆ ಹೇಳಿ ಬರೆಸುತ್ತಿದ್ದರು. ನೂರ ಐದು ಎಂದಾಗ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು 1005 ಎಂದು ಬರೆದರು. ಇದು ಯಾವ ಮೇಷ್ಟರಿಗೂ ಹೊಸ ತಪ್ಪಲ್ಲ. ನಮ್ಮ ವಾಡಿಕೆಯೆಂದರೆ ಕೆಂಪು ಶಾಯಿಯ ಗೆರೆ ಎಳೆದು, ಹತ್ತು ಸಲ ತಿದ್ದಿ ಬರೆಯೆಂದು ಹೇಳುವುದು. ಈಕೆ ಗೆರೆ ಎಳೆಯಲಿಲ್ಲ. ಒಬ್ಬೊಬ್ಬನನ್ನೇ ಪಕ್ಕಕ್ಕೆ ಕೂರಿಸಿಕೊಂಡು, ‘‘ಇದನ್ನ ಹೆಂಗ ಬರದಿ ಹೇಳು ತಮ್ಮಾ’’ ಎಂದು ಕೇಳಿದರು. ‘‘ಮೊದ್ಲು ನೂರು ಬರದೆ ಟೀಚರ್, ಆಮ್ಯಾಲೆ ಐದು ಬರದೆ’’ ಎಂದ ಹುಡುಗ. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆದಿದೆ. ಇಷ್ಟು ತರ್ಕಬದ್ಧವಾದ ತಪ್ಪನ್ನು ದಡ್ಡತನವೆಂದು ಕರೆಯುವವರ ತರ್ಕವೇ ನನಗೆ ಅನುಮಾನ.

ಆಕೆ ಅಲ್ಲಿಗೆ ನಿಲ್ಲಲಿಲ್ಲ. ಅದೇ ಮಕ್ಕಳು ನೂರ ಇಪ್ಪತ್ತೈದನ್ನು ಹೇಗೆ ಬರೆಯುತ್ತಾರೆಂದು ನೋಡಿದರು. ಕೆಲವರು 10025 ಎಂದು ಬರೆದರು. ಕೆಲವರು ಸರಿಯಾಗಿ 125 ಎಂದೇ ಬರೆದರು. ಹೊರಗಿನಿಂದ ನೋಡಿದರೆ ಒಂದೇ ತಪ್ಪು. ಒಳಹೊಕ್ಕರೆ ಎರಡು ಬಗೆ. ಕೆಲವರಿಗೆ ಸ್ಥಾನಬೆಲೆಯೇ ತಿಳಿದಿಲ್ಲ. ಇನ್ನು ಕೆಲವರಿಗೆ ನಡುವಿನ ಮನೆ ಖಾಲಿಯಿದ್ದಾಗ ಮಾತ್ರ ದಿಕ್ಕು ತಪ್ಪುತ್ತದೆ. ಮೊದಲನೆಯವರಿಗೆ ಕಡ್ಡಿಗಳನ್ನು ಕೊಟ್ಟು, ಹತ್ತು ಹತ್ತರ ಕಟ್ಟು ಕಟ್ಟಿಸಿ, ಹತ್ತು ಕಟ್ಟು ಸೇರಿಸಿ ನೂರರ ಹೊರೆ ಮಾಡಿಸಿದರು. ಎರಡನೆಯವರಿಗೆ ನೆಲದ ಮೇಲೆ ನೂರರ ಮನೆ, ಹತ್ತರ ಮನೆ, ಬಿಡಿಯ ಮನೆ ಎಂದು ಮೂರು ಮನೆ ಬರೆದು, ಹತ್ತರ ಮನೆಯಲ್ಲಿ ಯಾರಿದ್ದಾರೆಂದು ಕೇಳಿದರು. ಯಾರೂ ಇಲ್ಲ. ಯಾರೂ ಇಲ್ಲದ ಮನೆಗೆ ಬೀಗ ಹಾಕಬೇಡವೇ? ಸೊನ್ನೆಯೇ ಬೀಗವಾಯಿತು. ವಾರ ಕಳೆಯುವುದರೊಳಗೆ ಬಹುಮಂದಿ ಸರಿಯಾಗಿ ಬರೆಯತೊಡಗಿದರು.

ಬೈಂಡು ಪುಸ್ತಕವಾಗಿದ್ದರೆ ಇಲ್ಲಿಗೆ ಉಪಸಂಹಾರ. ಆದರೆ ಈಕೆ ದಸರಾ ರಜೆ ಮುಗಿದ ಮೇಲೆ ಮತ್ತೆ ಕೇಳಿದರು. ಕೆಲವರು 1005ಕ್ಕೆ ಮರಳಿದ್ದರು! ಆ ಸಂಗತಿಯನ್ನೂ ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಆ ಒಂದು ಸಾಲೇ ನನ್ನ ಮಟ್ಟಿಗೆ ಸಂಶೋಧನೆ, ಮಿಕ್ಕದ್ದು ಪಾಠ. ಹಾಗೆ ಜಾರಿದವರು ಯಾರೆಂದು ನೋಡಿದಾಗ, ಹೆಚ್ಚಿನವರು ಇತರರು ಕಟ್ಟು ಕಟ್ಟುವಾಗ ಸುಮ್ಮನೆ ನೋಡುತ್ತ ಕುಳಿತಿದ್ದವರು. ಎರಡನೆಯ ಸಲ ಎಲ್ಲರ ಕೈಗೂ ಕಡ್ಡಿ ಬಂತು. ಈ ಕೆಲಸಕ್ಕೆ ಆದ ಖರ್ಚು ಒಂದು ನೋಟುಬುಕ್ಕು.

ಗಣಿತ ತಲೆಗೆ ಹತ್ತದ ಮಕ್ಕಳು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಹಂಪಿ ನೆನಪಾಗುತ್ತದೆ. ವಿರೂಪಾಕ್ಷನ ಗುಡಿಯ ಸುತ್ತಮುತ್ತ ತಾಯಿಯ ಎಳನೀರಿನ ಗಾಡಿಯ ಬಳಿಯೋ ತಂದೆಯ ಮಂಡಕ್ಕಿಯ ಅಂಗಡಿಯ ಬಳಿಯೋ ನಿಂತ ಹುಡುಗನಿಗೆ ಐನೂರರ ನೋಟು ಕೊಟ್ಟು ನೋಡಿ. ಚಿಲ್ಲರೆ ತಪ್ಪಿದರೆ ನಾನು ಈ ಲೇಖನವನ್ನು ಹಿಂದಕ್ಕೆ ಪಡೆಯುತ್ತೇನೆ. ಅದೇ ಹುಡುಗ ತರಗತಿಯಲ್ಲಿ ದಶಕ ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಮುಗ್ಗರಿಸುತ್ತಾನೆ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದುವನ್ನು ಮಾರುವ ಮಕ್ಕಳಲ್ಲಿ ಇದನ್ನೇ ಕಂಡು, ಟೆರೆಸಿನ್ಹ ನೂನ್ಸ್ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದರು, ಲೋಕವೆಲ್ಲ ತಲೆದೂಗಿತು. ಅದನ್ನು ಕಾಣುವುದಕ್ಕೆ ನಮ್ಮ ಮೇಷ್ಟರು ರೆಸಿಫೆಗೆ ಹೋಗಬೇಕಾಗಿಲ್ಲ. ಗುಡಿಯ ಮುಂದಿನ ರಥಬೀದಿಗೆ ಹೋದರೆ ಸಾಕು. ಕಂಡದ್ದನ್ನು ತರಗತಿಗೆ ತಂದು, ಹುಡುಗ ಬಾಯಲ್ಲಿ ಮಾಡುವ ಲೆಕ್ಕವನ್ನೇ ಸ್ಲೇಟಿನ ಮೇಲೆ ಬರೆಸಿ ನೋಡಲು ಅನುಮತಿ ಬೇಕು, ಅಷ್ಟೆ.

ಹಂಪಿಯ ಇನ್ನೊಂದು ಮಾತು. ಮಹಾನವಮಿ ದಿಬ್ಬದ ಹತ್ತಿರ 1980ರ ದಶಕದಲ್ಲಿ ಅಗೆದು ಹೊರತೆಗೆದ ಮೆಟ್ಟಿಲುಗಳ ಪುಷ್ಕರಣಿಯನ್ನು ನೋಡದವರಿಲ್ಲ. ಅದರ ಕಲ್ಲುಗಳ ಮೇಲೆ ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂಬ ಗುರುತನ್ನು ಕೆತ್ತಿದ್ದಾರೆ. ಕಲ್ಲುಕುಟಿಗನಿಗೆ ಒಂದೊಂದು ಕಲ್ಲಿನ ನೆಲೆಯೂ ಗೊತ್ತಿತ್ತು. ನಮ್ಮ ಐದನೆಯ ತರಗತಿಯ ಒಂದೊಂದು ಮಗು ಓದಿನ ಯಾವ ಮೆಟ್ಟಿಲ ಮೇಲೆ ನಿಂತಿದೆಯೆಂದು ನಮಗೆ ಅಷ್ಟು ಖಚಿತವಾಗಿ ಗೊತ್ತಿದೆಯೇ? ಕಲ್ಲಿನ ಮೇಲಿನ ಅಕ್ಷರವನ್ನೂ ಓಲೆಯ ಮೇಲಿನ ಅಕ್ಷರವನ್ನೂ ಓದುವುದಕ್ಕೆ ನಾಡು 1991ರಲ್ಲಿ ಹಂಪಿಯಲ್ಲೇ ಒಂದು ವಿಶ್ವವಿದ್ಯಾಲಯವನ್ನು ಕಟ್ಟಿಕೊಂಡಿತು. ಸಂತೋಷ. ಸ್ಲೇಟಿನ ಮೇಲಿನ ಅಕ್ಷರವನ್ನು ಓದುವವರು ಮಾತ್ರ ಸಂಶೋಧಕರಲ್ಲವೆಂದರೆ ಹೇಗೆ?

ಇಲ್ಲಿಂದ ಸಂಡೂರಿಗೆ ದಾರಿ ದೂರವಲ್ಲ, ತೊಡಕು ಮಾತ್ರ ಬೇರೆ. ಗುಡ್ಡಗಳ ನಡುವಿನ ತಾಂಡಾಗಳಿಂದ ಒಂದನೆಯ ತರಗತಿಗೆ ಬರುವ ಲಂಬಾಣಿ ಮಗುವಿಗೆ ತಾಯಿ ‘ಯಾಡಿ’, ನೀರು ‘ಪಾಣಿ’. ನಾವು ಮೊದಲ ದಿನವೇ ಕನ್ನಡದಲ್ಲಿ ಪ್ರಶ್ನೆ ಕೇಳುತ್ತೇವೆ, ಮಗು ಸುಮ್ಮನಿರುತ್ತದೆ, ‘ಮಂದ’ ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತೇವೆ. ಅಲ್ಲಿನ ತರುಣ ಉಪಾಧ್ಯಾಯರೊಬ್ಬರಿಗೆ ಈ ಮೌನ ಬಾರದಿರುವುದರ ಮೌನವೋ ಭಾಷೆಯ ಮೌನವೋ ಎಂಬ ಅನುಮಾನ ಹುಟ್ಟಿತು. ಏಳನೆಯ ತರಗತಿಯ ಲಂಬಾಣಿ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು ಅದೇ ಪ್ರಶ್ನೆಗಳನ್ನು ಅವಳ ಬಾಯಿಂದ ಲಂಬಾಣಿಯಲ್ಲಿ ಕೇಳಿಸಿದರು. ಮಂದರೆನಿಸಿಕೊಂಡವರಲ್ಲಿ ಹಲವರು ಪಟಪಟನೆ ಉತ್ತರ ಹೇಳಿದರು. ಆಮೇಲೆ ಅವರು ತಿಂಗಳ ಕಾಲ ಮಕ್ಕಳು ಆಟದ ಬಯಲಿನಲ್ಲಿ ಆಡುವ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಗೋಡೆಗೆ ಏರಿಸಿದರು. ಪಾಣಿ, ಅದರ ಪಕ್ಕದಲ್ಲಿ ನೀರು. ಮಗು ತನ್ನ ಮಾತಿನಿಂದಲೇ ಅಕ್ಷರ ಹಿಡಿಯಿತು. ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಗೆ ಭೌಗೋಳಿಕ ಗುರುತಿನ ಮುದ್ರೆ ದೊರೆತಿದೆ, ಪರದೇಶದವರು ಕೊಂಡು ಹೋಗುತ್ತಾರೆ. ಅವರ ಮಕ್ಕಳ ನಾಲಗೆಗೆ ಅದೇ ಊರಿನ ತರಗತಿಯಲ್ಲಿ ಮುದ್ರೆ ಒತ್ತಲು ಒಬ್ಬ ಮೇಷ್ಟರು ತಾವಾಗಿ ಎದ್ದು ನಿಲ್ಲಬೇಕಾಯಿತು.

ಇನ್ನು ಕಂಪ್ಲಿ. ತುಂಗಭದ್ರೆಯ ದಂಡೆಯ ಊರು, ಸುತ್ತ ಗದ್ದೆ. ಕಾಲುವೆಗೆ ನೀರು ಬಂದು ನಾಟಿ ಹತ್ತಿದರೆ ಹಿರಿಯ ತರಗತಿಯ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಗದ್ದೆಯಲ್ಲಿರುತ್ತಾರೆ, ಇಲ್ಲವೆ ಗದ್ದೆಗೆ ಹೋದ ತಾಯಿಯ ಕೂಸನ್ನು ನೋಡಿಕೊಳ್ಳುತ್ತಾರೆ. ಅಲ್ಲಿಯ ಒಬ್ಬ ಗಣಿತದ ಮೇಷ್ಟರು ಎರಡು ವರ್ಷದ ಹಾಜರಿ ಪುಸ್ತಕವನ್ನೂ ತಮ್ಮ ಪಾಠದ ದಿನಚರಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರು. ಭಿನ್ನರಾಶಿಯ ಪಾಠ ಎರಡು ವರ್ಷವೂ ನಾಟಿಯ ವಾರಗಳಲ್ಲೇ ಬಂದಿತ್ತು. ‘ಕಂಪ್ಲಿ ಹುಡುಗರಿಗೆ ಭಿನ್ನರಾಶಿ ಬರುವುದಿಲ್ಲ’ ಎಂಬ ಗಾದೆ ಹುಟ್ಟಿದ್ದು ಹೀಗೆ! ಅವರು ಮೂರನೆಯ ವರ್ಷ ಆ ಪಾಠವನ್ನು ಮುಂದಕ್ಕೆ ಹಾಕಿ, ನಾಟಿಯ ವಾರಗಳಲ್ಲಿ ತಪ್ಪಿಸಿಕೊಂಡರೂ ನಷ್ಟ ಕಡಮೆಯಾಗುವ ಪಾಠಗಳನ್ನು ಇಟ್ಟರು. ತನಿಖೆಗೆ ಬಂದ ಅಧಿಕಾರಿಯೊಬ್ಬರು ದಿನಚರಿ ನೋಡಿ, ‘‘ಏನ್ರೀ ಮೇಷ್ಟ್ರೇ, ಈ ವಾರ ಭಿನ್ನರಾಶಿ ಇರಬೇಕಲ್ಲ?’’ ಎಂದರು. ಹಾಜರಿ ಪುಸ್ತಕ ತೋರಿಸಿದರೂ ಉತ್ತರ ಬದಲಾಗಲಿಲ್ಲ. ‘‘ರಾಜ್ಯಕ್ಕೆಲ್ಲ ಒಂದೇ ವೇಳಾಪಟ್ಟಿ ಕಣ್ರೀ.’’ ಮೇಷ್ಟರಿಗೆ ಒಂದು ಮೆಮೊ ಬಂತು. ಮಳೆಗೂ ಕಾಲುವೆಗೂ ಯಾರಾದರೂ ಒಂದು ಸುತ್ತೋಲೆ ಕಳುಹಿಸಿದ್ದರೆ ಚೆನ್ನಾಗಿತ್ತು.

ಒಂದೇ ಅಚ್ಚಿನಲ್ಲಿ ಎಲ್ಲವನ್ನೂ ಎರೆಯುವ ಈ ಹಟ ಒಳ್ಳೆಯ ಕೆಲಸವನ್ನೂ ಕೆಡಿಸುತ್ತದೆ. ನಮ್ಮ ರಾಜ್ಯದಲ್ಲೇ ಇದಕ್ಕೆ ಸಾಕ್ಷಿಯಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಒಬ್ಬರೇ ಉಪಾಧ್ಯಾಯರು ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಅಲ್ಲಿದ್ದುದನ್ನು ಇದ್ದಂತೆ ಎತ್ತಿ 
ತರಲಿಲ್ಲ, ತಮ್ಮ ಮಕ್ಕಳಿಗೆ ತಕ್ಕ ಹಾಡು, ಕಥೆ, ಚಟುವಟಿಕೆಗಳ ಕಾರ್ಡುಗಳನ್ನು ತಾವೇ ಬರೆದು, ತರಗತಿಯಲ್ಲಿ ಇಟ್ಟು ನೋಡಿ, ತಿದ್ದಿದರು. ಮಗು ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಹತ್ತಬಹುದು. ನಾಲ್ಕು ದಿನ ತಪ್ಪಿಸಿಕೊಂಡು ಬಂದರೆ ಬಿಟ್ಟಲ್ಲಿಂದಲೇ ಹಿಡಿಯಬಹುದು. ಅದೇ ‘ನಲಿ-ಕಲಿ’. ಕ್ರಿಯಾ ಸಂಶೋಧನೆಯೆಂದರೆ ಏನೆಂದು ಕೇಳುವವರಿಗೆ ನಾನು ತೋರಿಸುವುದು ಹೆಗ್ಗಡದೇವನಕೋಟೆಯನ್ನೇ.

2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಆಜ್ಞೆಯಾಗಿ ಬಂತು. ಕಾರ್ಡು ಬಂತು, ದುಂಡು ಮೇಜು ಬಂತು, ತುಂಬಬೇಕಾದ ಪ್ರಗತಿಯ ತಖ್ತೆ ಬಂತು. ಆ ಕಾರ್ಡನ್ನು ಬರೆದ ಅಧಿಕಾರ ಮಾತ್ರ ಬರಲಿಲ್ಲ. ಕೋಟೆಯ ಮೇಷ್ಟರು ತಿದ್ದಿ ತಿದ್ದಿ ಕಟ್ಟಿದ್ದನ್ನು ಸಂಡೂರಿನ ಮೇಷ್ಟರು ತಿದ್ದುವಂತಿಲ್ಲ; ತುಂಬಬೇಕು, ಒಪ್ಪಿಸಬೇಕು. ನಲಿ-ಕಲಿ ಸೋತಿತೆಂದು ನಾನು ಹೇಳುವುದಿಲ್ಲ. ಅದನ್ನು ಪ್ರೀತಿಯಿಂದ ನಡೆಸಿ ಮಕ್ಕಳನ್ನು ಓದಿಗೆ ಹಚ್ಚಿದವರನ್ನು ಬಲ್ಲೆ. ಆದರೆ ಗಿಡವನ್ನು ಹಂಚುವ ಬದಲು ಹಣ್ಣಿನ ಚಿತ್ರವನ್ನು ಹಂಚಿದೆವೆಂಬ ವ್ಯಥೆ ಅಂಥವರ ಬಾಯಿಂದಲೇ ಕೇಳಿದ್ದೇನೆ.

ವಿದ್ವಾಂಸರ ಆಕ್ಷೇಪಕ್ಕೆ ಬರೋಣ. ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಕಂಡದ್ದು ಶಾಸ್ತ್ರವಾಗುವುದಿಲ್ಲ, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ಉಪಾಧ್ಯಾಯನಿಗೆ ತನ್ನ ಉಪಾಯದ ಮೇಲೆ ಮೋಹ ಇರುತ್ತದೆ ಎಂದು ಅವರೆನ್ನುತ್ತಾರೆ. ಮೂರನೆಯ ಮಾತು ನಿಜ. ಆ ಮೋಹ ಎಲ್ಲರಿಗೂ ಇರುತ್ತದೆ. ಅದಕ್ಕೆ ಮದ್ದೂ ಇದೆ. ಮರುದಿನ ಕೇಳದೆ ತಿಂಗಳು ಬಿಟ್ಟು ಕೇಳುವುದು, ಅದೇ ಲೆಕ್ಕವನ್ನು ಬೇರೆ ಅಂಕಿಗಳಲ್ಲಿ ಕೇಳುವುದು, ತಾನು ಕೇಳದೆ ಪಕ್ಕದ ತರಗತಿಯವರಿಂದ ಕೇಳಿಸುವುದು. ಜಪಾನಿನ ಶಾಲೆಗಳಲ್ಲಿ ಇದು ಬಹುಕಾಲದ ರೂಢಿ: ಒಬ್ಬರು ಪಾಠ ಮಾಡುತ್ತಾರೆ, ಜೊತೆಯವರು ಹಿಂದೆ ನಿಂತು ನೋಡುತ್ತಾರೆ. ಅವರು ನೋಡುವುದು ಮುಖ್ಯವಾಗಿ ಮಕ್ಕಳನ್ನು. ಆಮೇಲೆ ಎಲ್ಲರೂ ಕುಳಿತು ಚರ್ಚಿಸುತ್ತಾರೆ. ಉಳಿದ ಎರಡು ಆಕ್ಷೇಪಗಳಿಗೆ ಉತ್ತರ ಸುಲಭ. ನಮ್ಮ ಮೇಷ್ಟರು ಲೋಕಕ್ಕೆಲ್ಲ ಸಿದ್ಧಾಂತ ಹೇಳಲು ಹೊರಟಿಲ್ಲ. ಬರುವ ಸೋಮವಾರ ತನ್ನ ತರಗತಿಯಲ್ಲಿ ಏನು ಮಾಡಬೇಕೆಂಬುದು ಅವರ ಪ್ರಶ್ನೆ. ಮಗುವನ್ನು ವಯಸ್ಸಿನ ಪ್ರಕಾರ ಕೂರಿಸದೆ ಅದಕ್ಕೆ ಎಷ್ಟು ಬರುತ್ತದೋ ಅಲ್ಲಿಂದ ಕಲಿಸಿದರೆ ಫಲವುಂಟೆಂದು ‘ಪ್ರಥಮ್’ ಸಂಸ್ಥೆಯ ಜೊತೆ ಪರೀಕ್ಷಿಸಿ ನೋಡಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರಿಗೆ 2019ರಲ್ಲಿ ನೊಬೆಲ್ ಗೌರವ ಸಂದಿತು. ಅವರ ಕೆಲಸ ದೊಡ್ಡದು, ವಿಧಾನ ಬೇರೆ. ಆದರೆ ಅವರು ಹೇಳಿದ್ದನ್ನು ನಮ್ಮ ತರಗತಿಗೆ ತರಬೇಕಾದರೂ ಯಾವ ಮಗುವಿಗೆ ಎಷ್ಟು ಬರುತ್ತದೆಂದು ಯಾರಾದರೂ ಕುಳಿತು ಕೇಳಲೇಬೇಕಲ್ಲ?

ಹೊತ್ತಿಲ್ಲ ಎಂಬುದು ಮೇಷ್ಟರ ಆಕ್ಷೇಪ. ಇದರ ಮುಂದೆ ನಾನು ತಲೆ ಬಾಗುತ್ತೇನೆ. ಹಾಲು, ಮೊಟ್ಟೆ, ಸಮವಸ್ತ್ರ, ಆನ್‌ಲೈನ್ ಮಾಹಿತಿ, ಮತದಾರರ ಪಟ್ಟಿ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಹತ್ತಿದವರು ಈ ಮೇಷ್ಟರುಗಳೇ. ಅದು ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಲಾಯಿತು. ನಾಡಿನ ಮನೆಗಳನ್ನೆಲ್ಲ ಸುತ್ತಿ, ಪ್ರಶ್ನೆ ಕೇಳಿ, ಉತ್ತರ ದಾಖಲಿಸುವ ಸಾಮರ್ಥ್ಯ ಇವರಿಗೆ ಉಂಟೆಂದು ಸರ್ಕಾರ ಒಪ್ಪುತ್ತದೆ. ಚುನಾವಣೆಯಲ್ಲಿ ಇವರ ಎಣಿಕೆಯನ್ನು ನಂಬುತ್ತದೆ. ತಮ್ಮದೇ ತರಗತಿಯಲ್ಲಿ ಯಾರಿಗೆ ನೂರ ಐದು ಬರುವುದಿಲ್ಲವೆಂದು ಎಣಿಸಲು ಹೊರಟರೆ ಮಾತ್ರ ಅದು ‘ಉಸಾಬರಿ’ಯಾಗುತ್ತದೆ!

ಎಣಿಕೆಯ ಮಾತು ಬಂದದ್ದರಿಂದ ಫಲಿತಾಂಶದ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಪಟ್ಟಣದ ಓದುಗರಿಗೆ ಶಾಲೆಯೆಂದರೆ ಎಸ್.ಎಸ್.ಎಲ್.ಸಿ. ಫಲಿತಾಂಶ, ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂಬ ಪ್ರಶ್ನೆ. ರಾಜ್ಯದಲ್ಲಿ 2023ರಲ್ಲಿ ಶೇಕಡಾ 83.89 ಮಂದಿ ತೇರ್ಗಡೆಯಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದ ಮೂಲಕ ನೇರವಾಗಿ ನೋಡುವ ಏರ್ಪಾಡಾಯಿತು. ಫಲಿತಾಂಶ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಗ್ಗಿತೆಂದು ಯಾರೂ ಹೇಳಲಾರರು. ಇದಕ್ಕೆ ನಾವು ಕಂಡುಕೊಂಡ ಪರಿಹಾರ ಬೆಳಗಿನ ಜಾವದ ವಿಶೇಷ ತರಗತಿ ಮತ್ತು ‘ಪಾಸಿಂಗ್ ಪ್ಯಾಕೇಜ್’. ಹೃದಯದ ಚಿತ್ರ ಬಿಡಿಸಲು ಕಲಿ, ಅಂಕ ಬರುತ್ತದೆ. ಒಂದು ಪ್ರಮೇಯ ಉರು ಹಾಕು, ಅಂಕ ಬರುತ್ತದೆ. ಹೃದಯವನ್ನು ಚಿತ್ರದಲ್ಲಿ ಬಿಡಿಸಿದ ಹುಡುಗನಿಗೆ ರಕ್ತ ಎತ್ತ ಹರಿಯುತ್ತದೆಂದು ಕೇಳಬೇಡಿ, ಪ್ಯಾಕೇಜಿನಲ್ಲಿ ಅದಿಲ್ಲ. ಮೂರನೆಯ ತರಗತಿಯಲ್ಲಿ ಬಿದ್ದ ಸೊನ್ನೆಯ ಬೀಗವನ್ನು ಹತ್ತನೆಯ ತರಗತಿಯ ಫೆಬ್ರುವರಿಯಲ್ಲಿ ಒಡೆಯಲು ಹೊರಟವರ ಪಾಡು ಇದು. ಹತ್ತನೆಯ ತರಗತಿಯ ಮೇಷ್ಟರನ್ನು ಬೈದು ಪ್ರಯೋಜನವಿಲ್ಲ.

ಹಣವಿಲ್ಲವೆನ್ನುವಂತಿಲ್ಲ. ಗಣಿಯ ಧೂಳನ್ನು ದಶಕಗಳಿಂದ ಉಂಡ ಸಂಡೂರಿನ ಸೀಮೆಗೆ 2015ರ ಕಾನೂನಿನ ಪ್ರಕಾರ ಜಿಲ್ಲಾ ಖನಿಜ ನಿಧಿಯಿದೆ. ಶಿಕ್ಷಣ ಅದರ ಆದ್ಯತೆಗಳಲ್ಲೊಂದು. ಕೊಠಡಿ ಕಟ್ಟಲಿ, ಬೇಡವೆನ್ನುವವನು ನಾನಲ್ಲ. ಸೋರುವ ಮಾಳಿಗೆಯ ಕೆಳಗೆ ಪಾಠ ಮಾಡಿದವನಿಗೆ ಕೊಠಡಿಯ ಬೆಲೆ ಗೊತ್ತು. ಆದರೆ ಕೊಠಡಿಗೆ ಟೆಂಡರು ಉಂಟು, ಗುತ್ತಿಗೆದಾರರುಂಟು, ಉದ್ಘಾಟನೆಯ ಕಲ್ಲು ಉಂಟು. ಮೇಷ್ಟರ ನೋಟುಬುಕ್ಕಿಗೆ ಟೆಂಡರು ಕರೆಯುವಂತಿಲ್ಲ. ಅದರ ಮೇಲೆ ಯಾರ ಹೆಸರನ್ನೂ ಕೆತ್ತುವಂತಿಲ್ಲ. ಅದರ ಬಡತನಕ್ಕೆ ಇದೂ ಒಂದು ಕಾರಣವಿರಬಹುದೇ ಎಂದು ಸಂದೇಹ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದದ್ದನ್ನು ಹೊಸಪೇಟೆಯವರು ಮರೆತಿಲ್ಲ. ಆಗ ಕರೆಸಿದ್ದು ಯಾರನ್ನು? ಗೇಟುಗಳ ಕೆಲಸದಲ್ಲೇ ಮುಪ್ಪಾದ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನ ನಡುವೆಯೇ ತುಂಡು ತುಂಡಾಗಿ ತಾತ್ಕಾಲಿಕ ಗೇಟನ್ನು ಇಳಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಿದರು. ಕೈಯಾರೆ ಕೆಲಸ ಮಾಡಿದವನ ತಿಳಿವಳಿಕೆಗೆ ಅಂದು ಎಷ್ಟು ಬೆಲೆ ಬಂತು! ಜಿಲ್ಲೆಯ ದೊಡ್ಡವರೆಲ್ಲ ದಂಡೆಯ ಮೇಲೆ ನಿಂತು ಅವರ ಮಾತಿಗೆ ಕಾದರು. ತರಗತಿಯಿಂದ ದಿನವೂ ಸೋರಿ ಹೋಗುತ್ತಿರುವುದು ಕಣ್ಣಿಗೆ ಕಾಣುವುದಿಲ್ಲ, ಸದ್ದು ಮಾಡುವುದಿಲ್ಲ. ಅಲ್ಲಿ ಕೈಯಾರೆ ಕೆಲಸ ಮಾಡಿದವರನ್ನು ಕೇಳುವುದಕ್ಕೆ ಯಾರೂ ದಂಡೆಗೆ ಬರುವುದಿಲ್ಲ.

ನಾನು ಬೇಡುವುದು ಹೆಚ್ಚೇನಲ್ಲ. ತಿಂಗಳಿಗೊಮ್ಮೆ ಸಮೂಹ ಕೇಂದ್ರದಲ್ಲಿ ಉಪಾಧ್ಯಾಯರ ಸಮಾಲೋಚನಾ ಸಭೆ ನಡೆಯುತ್ತದೆಯಲ್ಲ, ಅದರಲ್ಲಿ ಒಂದು ಗಂಟೆ ಒಬ್ಬರ ನೋಟುಬುಕ್ಕಿಗೆ ಮೀಸಲಾಗಲಿ. ಫಲಿಸಿದ್ದನ್ನೂ ಫಲಿಸದ್ದನ್ನೂ ಓದಲಿ, ಉಳಿದವರು ಪ್ರಶ್ನೆ ಕೇಳಲಿ. ವರದಿ ಬೇಡ, ಬೈಂಡು ಬೇಡ, ದಯವಿಟ್ಟು ಪ್ರಶಸ್ತಿಯಂತೂ ಬೇಡವೇ ಬೇಡ. ಪ್ರಶಸ್ತಿ ಬಂದ ದಿನವೇ ಜೆರಾಕ್ಸ್ ಅಂಗಡಿ ತೆರೆಯುತ್ತದೆ. ವರ್ಷ ವರ್ಷವೂ ಬದಲಾಗುವ ಅತಿಥಿ ಶಿಕ್ಷಕರ ಕಾಲ ಇದು; ಆದ್ದರಿಂದ ನೋಟುಬುಕ್ಕು ಶಾಲೆಯಲ್ಲೇ ಉಳಿಯಲಿ, ಮುಂದೆ ಬಂದವರು ಅಲ್ಲಿಂದ ಹಿಡಿಯಲಿ. ಕಾರಣ ಬರೆದಿಟ್ಟು ಪಾಠದ ಕ್ರಮ ಬದಲಿಸಿದ ಮೇಷ್ಟರಿಗೆ ಮೆಮೊ ಹೋಗದಿರಲಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಕಡೆ, ಸಂಡೂರು, ಕಂಪ್ಲಿ ಬಳ್ಳಾರಿಯ ಕಡೆ ಆಗಿವೆ. ಎರಡು ಜಿಲ್ಲೆಯ ಕಚೇರಿಗಳು ಬೇರೆ ಬೇರೆಯಾದರೂ ಈ ಒಂದು ಗಂಟೆಯ ವಿಷಯದಲ್ಲಿ ಒಂದಾಗಲು ಅಡ್ಡಿಯೇನೂ ಕಾಣೆ.

ಈ ತಿಂಗಳ ಸಭೆಯ ಸುತ್ತೋಲೆಯನ್ನು ಆ ನೂರ ಐದರ ಉಪಾಧ್ಯಾಯಿನಿ ತಮ್ಮ ಫೋನಿನಲ್ಲಿ ನನಗೆ ತೋರಿಸಿದರು. ದಾಖಲಾತಿ, ಮೊಟ್ಟೆಯ ಲೆಕ್ಕ, ಶೂ ಖರೀದಿ, ಆನ್‌ಲೈನ್ ಮಾಹಿತಿ ತುಂಬುವುದು; ಕೊನೆಯಲ್ಲಿ ‘ಇತರೆ’. ‘‘ಸಾರ್, ಈ ಇತರೆದಾಗ ನನ್ನ ನೋಟುಬುಕ್ ತೆಗೀಲೇನ್ರೀ?’’ ಎಂದು ಕೇಳಿದರು. ಅವಶ್ಯವಾಗಿ ತೆಗೆಯಿರಿ ಎಂದೆ. ಆದರೆ ಇತರೆಯ ಸರದಿ ಬರುವ ಹೊತ್ತಿಗೆ ಊರೂರಿನ ಬಸ್ಸು ಹಿಡಿಯಲು ಅರ್ಧ ಸಭೆ ಎದ್ದಿರುತ್ತದೆ. ಹಾಗಾಗಿ ಮೊಟ್ಟೆಯ ಲೆಕ್ಕ ಶುರುವಾಗುವ ಮುಂಚೆಯೇ ತೆಗೆಯಿರಿ ಎಂದೂ ಹೇಳಿ ಕಳುಹಿಸಿದ್ದೇನೆ.